ಕಡಿದು ಉಳಿಸಿದ ಮರ

ಇಂಗ್ಲೆಂಡಿನ ವೆಸ್ಟನ್‌ಬರ್ಟ್ ಮರತೋಪು ನೋಡಿ ಬಂದ ಮೇಲೆ ಊರಿನಲ್ಲಿ ಎಲ್ಲರೂ ಕೆಂಪೆಲೆಯ ಫೋಟೊ ಕೇಳಿದರು. ತೋರಿಸಿದೆ. ಅಕ್ಟೋಬರಿನ ಇಳಿಬಿಸಿಲಿನಲ್ಲಿ ಜಪಾನಿನ ಮೇಪಲ್ ಮರಗಳು ಕಿತ್ತಳೆ, ಕುಂಕುಮ, ರಕ್ತವರ್ಣಗಳಲ್ಲಿ ನಿಂತಿದ್ದವು. ಯಾರು ಕ್ಯಾಮೆರಾ ಹಿಡಿದರೂ ಚೆನ್ನಾಗಿಯೇ ಬರುತ್ತದೆ. ಅದೇ ಫೋನಿನಲ್ಲಿ ಇನ್ನೊಂದು ಚಿತ್ರವಿದೆ. ಹೇಳಿಕೊಳ್ಳುವಂಥ ಬಣ್ಣವಿಲ್ಲ, ನಡುವೆ ಖಾಲಿ ಜಾಗ, ಸುತ್ತ ನೆಟ್ಟಗೆ ಎದ್ದ ತೆಳು ಕಾಂಡಗಳು. ನೋಡುವವರ ಬೆರಳು ಅಲ್ಲಿ ನಿಲ್ಲುವುದಿಲ್ಲ, ಮುಂದಿನ ಚಿತ್ರಕ್ಕೆ ಜಾರುತ್ತದೆ. ನನಗೆ ಮಾತ್ರ ಮನೆಯ ಹಿಂದಿನ ಬೆಟ್ಟ ಹತ್ತುವಾಗಲೆಲ್ಲ ಆ ಚಿತ್ರವೇ ಎದುರು ಬರುತ್ತದೆ.

ನಮ್ಮದು ಶಿರಸಿ ಸೀಮೆ. ಇಲ್ಲಿ ಅಡಿಕೆ ತೋಟವಿದ್ದವರಿಗೆ ಸೊಪ್ಪಿನ ಬೆಟ್ಟವೂ ಇರುತ್ತದೆ. ಬ್ರಿಟಿಷರ ಕಾಲದಿಂದ ಬಂದ ಲೆಕ್ಕದಲ್ಲಿ 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಅಲ್ಲಿಂದ ಹಸಿಸೊಪ್ಪು ಕಡಿದು ತರಬಹುದು, ಉದುರಿದ ಒಣ ಎಲೆಯನ್ನು, ನಮ್ಮ ಮಾತಿನ ದರಕನ್ನು, ಗುಡಿಸಿ ತರಬಹುದು. ಸೊಪ್ಪು ಕೊಟ್ಟಿಗೆಗೆ ಹೋಗಿ ದನಗಳ ಕಾಲಡಿ ಗೊಬ್ಬರವಾಗಿ ತೋಟ ಸೇರುತ್ತದೆ. ಆದರೆ ಆ ನೆಲ ನಮ್ಮದಲ್ಲ. ಸೊಪ್ಪು ನಮ್ಮದು, ಮರ ಸರ್ಕಾರದ್ದು. ಮದುವೆಯಾಗಿ ಈ ಮನೆಗೆ ಬಂದಾಗ ನಮ್ಮ ಬೆಟ್ಟದಲ್ಲಿ ಮತ್ತಿ, ಹೊನ್ನೆ, ನಂದಿ, ಕಿಂದಳ, ದಡಸಲು ತುಂಬಿದ್ದವು. ಈಗ ಮೇಲ್ಭಾಗದಲ್ಲಿ ಗಟ್ಟಿ ಮಣ್ಣು, ತುಂಬೆ ಗಿಡ, ತುದಿಯವರೆಗೂ ಸವರಿ ಬೋಳಾದ ಕೆಲವು ಕಂಬಗಳು. ಪಕ್ಕದಿಂದ ಅಕೇಶಿಯಾ ಬೀಜ ಬಂದು ಬಿದ್ದು ತಾನೇ ಎದ್ದಿದೆ. ಅದರ ಎಲೆ ಬೇಗ ಕೊಳೆಯುವುದಿಲ್ಲ, ದನಕ್ಕೂ ಬೇಡ, ತೋಟಕ್ಕೂ ಬೇಡ.

ಈ ಬೆಟ್ಟಕ್ಕೆ ಮತ್ತೆ ಮರ ತರಬೇಕು, ನಮ್ಮ ಸೀಮೆಯ ಬೇರೆ ಬೇರೆ ಜಾತಿಯ ಮರಗಳನ್ನು ಒಂದು ಕಡೆ ಕೂಡಿಸಬೇಕು ಎಂಬ ಆಸೆ ನನಗೆ ಹಳೆಯದು. ಎಲ್ಲಿಂದ ಶುರುಮಾಡುವುದು ಎಂದು ಮಾತ್ರ ಹೊಳೆದಿರಲಿಲ್ಲ. ಬ್ರಿಸ್ಟಲ್‌ನಲ್ಲಿರುವ ತಂಗಿಯ ಮಗನಿಗೆ ಇದು ಗೊತ್ತಿತ್ತು. ಅವನ ಮನೆಗೆ ಹೋದಾಗ, "ದೊಡ್ಡಾಯಿ, ಲಂಡನ್ ಆಮೇಲೆ ನೋಡುವಾ. ಇಲ್ಲೇ ಹತ್ತಿರ ಒಬ್ಬ ಶ್ರೀಮಂತ ಮರ ಕೂಡಿಸಿಟ್ಟ ಜಾಗ ಇದ್ದು, ನಿಂಗೆ ಅದೇ ಬೇಕಾಗಿದ್ದು" ಎಂದ.

ದಾರಿ ಸಣ್ಣದು, ಎರಡೂ ಬದಿ ಜೇನುಬಣ್ಣದ ಕಲ್ಲಿನ ಮೋಟು ಗೋಡೆ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ಕಾಟ್ಸ್‌ವಲ್ಡ್ ಎಂಬ ಆ ಸುಣ್ಣಕಲ್ಲಿನ ಸೀಮೆಯಲ್ಲಿ ಕುರಿಗಳು ಎಷ್ಟಿವೆಯೋ ಗೋಡೆಗಳೂ ಅಷ್ಟೇ ಇರಬೇಕು. ಗೋಡೆಯಾಚೆ ಬರೀ ಹುಲ್ಲು. ನಮ್ಮ ಘಟ್ಟದ ಕಣ್ಣಿಗೆ ಆ ಹಸಿರು ತೆಳು ಅನ್ನಿಸುತ್ತದೆ. ಅದರಲ್ಲಿ ಅಡಗಲು ಜಾಗವಿಲ್ಲ. ಟೆಟ್‌ಬರಿ ಪೇಟೆಯ ಹತ್ತಿರ ಬರುತ್ತಿದ್ದಂತೆ ಆ ಬಯಲಿನ ಅಂಚಿನಲ್ಲಿ ಮರಗಳ ಗೋಡೆಯೊಂದು ಎದ್ದಿತು. ಅದೇ ವೆಸ್ಟನ್‌ಬರ್ಟ್. 600 ಎಕರೆ, ಸುಮಾರು 2,500 ಬಗೆ, 15,000 ಮರಗಳು. ಪ್ರತಿಯೊಂದಕ್ಕೂ ಹೆಸರುಪಟ್ಟಿ.

ಒಳಗೆ ಹೆಜ್ಜೆ ಇಟ್ಟಾಗ ಬಣ್ಣಕ್ಕಿಂತ ಮೊದಲು ಎದುರಾದದ್ದು ಒಂದು ವಾಸನೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲ ಹದಕ್ಕೆ ಬಂದು, ಇನ್ನೊಂದು ನಿಮಿಷ ಬಿಟ್ಟರೆ ತಳ ಹಿಡಿಯುತ್ತದೆ ಎನ್ನುವಾಗ ಏಳುತ್ತದಲ್ಲ, ಅದೇ ವಾಸನೆ. ಸುತ್ತ ನೋಡಿದೆ, ಒಲೆಯೂ ಇಲ್ಲ, ಅಂಗಡಿಯೂ ಇಲ್ಲ. ಒಂದು ಮರದ ಕೆಳಗೆ ನಾಲ್ಕಾರು ಜನ ಮೂಗು ಎತ್ತಿ ನಿಂತಿದ್ದರು. ಜಪಾನ್, ಚೀನಾ ಕಡೆಯ ಕತ್ಸುರಾ ಮರವಂತೆ. ಎಲೆ ಹಣ್ಣಾಗಿ ಉದುರುವ ಹೊತ್ತಿಗೆ ಈ ಸುವಾಸನೆ ಬಿಡುತ್ತದೆ. ಗುಂಡನೆಯ ಹಳದಿ ಎಲೆಗಳು ನೆಲದ ತುಂಬ. ಒಂದು ಮುಷ್ಟಿ ತೆಗೆದುಕೊಂಡು ಮೂಸಿದೆ. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ನನ್ನ ಸೀರೆ ನೋಡಿ, ನನ್ನ ಕೈಯಲ್ಲಿದ್ದ ಎಲೆ ನೋಡಿ, ತಾನೂ ಒಂದು ಮುಷ್ಟಿ ಎತ್ತಿಕೊಂಡಳು.

ಎಲ್ಲರ ಕಣ್ಣು ಮೇಲಿತ್ತು. ನನ್ನದು ನೆಲದ ಮೇಲೆ. ದರಕು ಗುಡಿಸಿದ ಕೈಗೆ ಅಷ್ಟು ಎಲೆ ಬಿದ್ದಿರುವುದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ಬೇಸಗೆ ಬಂತೆಂದರೆ ನಾವು ಹೆಂಗಸರು ನಸುಕಿನಲ್ಲೇ ಬೆಟ್ಟಕ್ಕೆ ಹೋಗಿ, ಬಿಸಿಲೇರುವ ಮುಂಚೆ ಕಲ್ಲಿಯಲ್ಲಿ ದರಕು ತುಂಬಿ ಹೊತ್ತು ತರುತ್ತಿದ್ದೆವು. ಬೆಟ್ಟದ ನೆಲ ಅಂಗಳದಷ್ಟು ಚೊಕ್ಕಟವಾಗುವವರೆಗೆ ಗುಡಿಸುವುದೇ ಹೆಚ್ಚುಗಾರಿಕೆ. ಇಲ್ಲಿ ದಾರಿಯ ಮೇಲಿನ ಎಲೆ ಸರಿಸುತ್ತಾರೆ, ಮರದ ಕೆಳಗಿನದು ಮರಕ್ಕೇ. ಎಳೆಯ ಮರಗಳ ಬುಡಕ್ಕೆ ಮರದ ಚೂರು ಹರಡಿ ಅಗಲವಾದ ಮುಚ್ಚಿಗೆ ಮಾಡಿದ್ದರು. ಒಂದು ಕಡೆ ಎಲೆಯ ಪದರ ಸರಿಸಿ ಬೆರಳು ಊರಿದೆ. ಮಣ್ಣು ಒಳಗೆ ಬಿಟ್ಟುಕೊಂಡಿತು, ಕಪ್ಪಾಗಿ, ತಣ್ಣಗೆ. ನಮ್ಮ ಬೆಟ್ಟದ ತಲೆಯಲ್ಲಿ ಗುದ್ದಲಿಯೂ ಠಣ್ ಎನ್ನುತ್ತದೆ.

ಬಾಗಿಲ ಬಳಿ ಸ್ವಯಂಸೇವಕರೊಬ್ಬರು ಜನರನ್ನು ಕೂಡಿಸಿಕೊಂಡು ಮರ ತೋರಿಸಲು ಹೊರಟಿದ್ದರು. ನಿವೃತ್ತ ಮೇಷ್ಟ್ರು, ಭೂಗೋಳ ಕಲಿಸುತ್ತಿದ್ದರಂತೆ. ನಾವೂ ಸೇರಿಕೊಂಡೆವು. ಅವರು ಮೇಪಲ್ ಮರದ ಎದುರು ನಿಲ್ಲಿಸಿ ಹೇಳಿದ ಮೊದಲ ಮಾತು: "ಮುಂದೆ ಇರುವುದನ್ನು ಆಮೇಲೆ ನೋಡಿ. ಅದರ ಹಿಂದೆ ಏನಿದೆ ನೋಡಿ." ಹಿಂದೆ ಯೂ ಮರಗಳಿದ್ದವು. ದಟ್ಟ, ಕಡುಹಸಿರು, ಹೆಚ್ಚುಕಡಿಮೆ ಕಪ್ಪು. ಆ ಕತ್ತಲು ಬೆನ್ನಿಗಿದ್ದುದರಿಂದ ಮುಂದಿನ ಕೆಂಪು ಅಷ್ಟು ಕೆಂಪಾಗಿತ್ತು. ರಾಬರ್ಟ್ ಹಾಲ್‌ಫರ್ಡ್ ಎಂಬವರು 1829ರಲ್ಲಿ ಇಲ್ಲಿ ಮರ ನೆಡಲು ತೊಡಗಿದಾಗ ಅವರ ವಯಸ್ಸು 21. ದೂರದೇಶದ ನಾಜೂಕು ಮರಗಳಿಗೆ ಗಾಳಿ ತಡೆಯಲು ಯೂ, ಬಾಕ್ಸ್, ಲಾರೆಲ್, ಓಕ್, ಪೈನ್‌ಗಳ ಆಸರೆ ಕಟ್ಟಿದರು. ಆ ಆಸರೆಯ ಮಡಿಲಲ್ಲಿ ಬಯಲು ಬಿಟ್ಟರು, ಬಯಲಿನ ಅಂಚಿನಲ್ಲಿ ಹೊಸ ಮರ ಇಟ್ಟರು. ನೇರವಾದ ಅಗಲ ಹಾದಿಗಳು, ಅವುಗಳಿಂದ ಬಳಸಿ ಹೋಗುವ ಕಿರುದಾರಿಗಳು. ಪ್ರತಿ ತಿರುವಿನಲ್ಲೂ ಒಂದು ಮರ ಒಬ್ಬಂಟಿಯಾಗಿ, ಪೂರ್ತಿಯಾಗಿ ಕಾಣುತ್ತದೆ.

ಮರಗಳ ನಡುವಿನ ಖಾಲಿ ಜಾಗವನ್ನು ನಾನು ಇಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನಮ್ಮಲ್ಲಿ ವನಮಹೋತ್ಸವ ಎಂದರೆ ಎಷ್ಟು ಗಿಡ ನೆಟ್ಟೆವು ಎನ್ನುವುದೇ ಲೆಕ್ಕ. ಗುಂಡಿ ಗುಂಡಿಗೂ ಗಿಡ, ಒಂದರ ಕಿವಿಯಲ್ಲಿ ಇನ್ನೊಂದು. ಇಲ್ಲಿ ಒಂದು ದೇವದಾರು ತನ್ನ ಕೆಳಕೊಂಬೆಗಳನ್ನು ಹುಲ್ಲಿಗೆ ತಾಗಿಸಿ ನಿಂತಿತ್ತು. ಹಿಮಾಲಯದ ಮರ. ಅದರ ಬೀಜ ಬ್ರಿಟನ್ನಿಗೆ ಬಂದದ್ದು 1831ರಲ್ಲಿ. ಗಢವಾಲದ ಇಳಿಜಾರುಗಳಲ್ಲಿ ಒತ್ತೊತ್ತಾಗಿ ಬೆಳೆದ ದೇವದಾರುಗಳನ್ನು ಯಾತ್ರೆಯ ಬಸ್ಸಿನಿಂದ ಕಂಡಿದ್ದೆ. ಹೀಗೆ ನಾಲ್ಕೂ ದಿಕ್ಕಿಗೆ ಕೈ ಚಾಚಿದ್ದನ್ನು ಕಂಡಿರಲಿಲ್ಲ. ಯಾರೋ ಒಬ್ಬರು ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಅದರ ಪಕ್ಕ ಇನ್ನೇನನ್ನೂ ನೆಡಬಾರದು ಎಂದು ತೀರ್ಮಾನಿಸಿ, ಆಮೇಲೆ ಬಂದವರೂ ಆ ತೀರ್ಮಾನವನ್ನು ಪಾಲಿಸಿದ್ದರಿಂದ ಮಾತ್ರ ಇದು ಸಾಧ್ಯ.

ಮೇಷ್ಟ್ರು ಹಾಲ್‌ಫರ್ಡ್ ಮನೆತನದ ಹಣದ ಕತೆಯನ್ನೂ ಮುಚ್ಚಿಡದೆ ಹೇಳಿದರು. ಹರ್ಟ್‌ಫರ್ಡ್‌ಶೈರ್‌ನ ಒರತೆಗಳಿಂದ ಲಂಡನ್ನಿಗೆ ಕುಡಿಯುವ ನೀರು ತರುವ ನ್ಯೂ ರಿವರ್ ಎಂಬ ಕಾಲುವೆ 1613ರಲ್ಲೇ ತೆರೆದಿತ್ತು. ನಗರ ಬೆಳೆದಂತೆ ಹಾಲ್‌ಫರ್ಡ್ ಮನೆತನದ ಕೈಯಲ್ಲಿದ್ದ ಆ ಕಾಲುವೆ ಕಂಪನಿಯ ಷೇರಿನ ಬೆಲೆಯೂ ಬೆಳೆಯಿತು. ಲಂಡನ್ನಿನ ಬಾಯಾರಿಕೆಯಿಂದ ಬಂದ ದುಡ್ಡಿನಲ್ಲಿ ಇಲ್ಲಿ ಮರಗಳು ಎದ್ದವು. ಚಿತ್ರಗಳು, ಪುಸ್ತಕಗಳು, ಲಂಡನ್ನಿನಲ್ಲೊಂದು ಅರಮನೆಯಂಥ ಮನೆ, ಇಲ್ಲೊಂದು. ಇಲ್ಲಿಯ ಮನೆ ಕಟ್ಟಿಸಿದ್ದು 1860ರ ದಶಕದಲ್ಲಿ, ಲೂಯಿಸ್ ವಲ್ಯಾಮಿ ಎಂಬ ವಾಸ್ತುಶಿಲ್ಪಿಯಿಂದ. ಮನೆಯ ಸುತ್ತ ಉದ್ಯಾನ ಹರಡಬೇಕಿತ್ತು. ಅಲ್ಲಿ ವೆಸ್ಟನ್‌ಬರ್ಟ್ ಎಂಬ ಹಳ್ಳಿ ಇತ್ತು. ಹಳ್ಳಿಯನ್ನು ಎಬ್ಬಿಸಿ ಸ್ವಲ್ಪ ದೂರದಲ್ಲಿ ಹೊಸ ಮನೆಗಳನ್ನು ಕಟ್ಟಿಸಿಕೊಟ್ಟರು. ಇಗರ್ಜಿ ಮಾತ್ರ ಇದ್ದಲ್ಲೇ ಉಳಿಯಿತು.

ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಶರಾವತಿ ನೆನಪಾಯಿತು, ಕಾಳಿ ನೆನಪಾಯಿತು. ನಮ್ಮ ಬಂಧುಬಳಗದಲ್ಲೇ ಲಿಂಗನಮಕ್ಕಿಯ ನೀರಿನಡಿ ತೋಟ ಬಿಟ್ಟು ಬಂದವರಿದ್ದಾರೆ. ಬಿಟ್ಟುಬಂದ ಮರಗಳ ಹೆಸರನ್ನು ಮುದುಕರಾದ ಮೇಲೂ ಹೇಳುತ್ತಿದ್ದರು. ಅಣೆಕಟ್ಟಿಗೆ ವಿದ್ಯುತ್ತಿನ ಕಾರಣವಿತ್ತು. ಇಲ್ಲಿ ಕಾರಣ ಕಿಟಕಿಯಿಂದ ಕಾಣುವ ನೋಟ. ಆ ನೋಟ ಚೆಂದ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ, ಆ ಮರಗಳ ನಡುವೆ ನಡೆದ ಸುಖವನ್ನೂ ಬಚ್ಚಿಡುವುದಿಲ್ಲ. ಆದರೆ ನೆಲ, ನೀರು, ಮರ, ಹಳ್ಳಿ ಎಲ್ಲವೂ ಒಬ್ಬರ ಕೈಯಲ್ಲಿದ್ದಾಗ ಮಾತ್ರ ಮೂಡುವ ಚೆಲುವು ಇದು. ನಮ್ಮ ಬೆಟ್ಟದಲ್ಲಿ ನಮಗಿರುವುದು ಎಲೆಯ ಹಕ್ಕು. ಆ ಚೆಲುವು ಇಲ್ಲಿಂದ ಅಲ್ಲಿಗೆ ಹಾಗೆಯೇ ಬರಲಾರದು, ಬರಬೇಕೆಂದು ನನಗೆ ಆಸೆಯೂ ಇಲ್ಲ.

ರಾಬರ್ಟ್ ಅವರ ಮಗ ಸರ್ ಜಾರ್ಜ್ ಹಾಲ್‌ಫರ್ಡ್‌ಗೆ ಮೇಪಲ್‌ಗಳ ಮೇಲೆ, ಆರ್ಕಿಡ್‌ಗಳ ಮೇಲೆ ಪ್ರೀತಿ. ಅವರು 1926ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. ಆಸ್ತಿ ಸೋದರಳಿಯನಿಗೆ ಹೋಯಿತು, ಮನೆ 1928ರಲ್ಲಿ ಶಾಲೆಯಾಯಿತು, ಮರಗಳು 1956ರಲ್ಲಿ ಸರ್ಕಾರದ ಅರಣ್ಯ ಆಯೋಗಕ್ಕೆ ಸೇರಿದವು. ಈಗ ಮನೆಗೂ ಮರಗಳಿಗೂ ನಡುವೆ ಹೆದ್ದಾರಿ ಹರಿಯುತ್ತದೆ. ಯಾರ ಕಿಟಕಿಗಾಗಿ ನೆಟ್ಟರೋ ಆ ಕಿಟಕಿಯಲ್ಲಿ ಶಾಲೆಯ ಮಕ್ಕಳು. ಮರದಡಿಯಲ್ಲಿ ಬ್ರಿಸ್ಟಲ್, ಬಾತ್, ಸ್ವಿಂಡನ್‌ಗಳಿಂದ ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳು.

ಬುತ್ತಿ ನಾವೂ ತಂದಿದ್ದೆವು. ಹೋಟೆಲಿನಲ್ಲಿ ಆಲೂಗಡ್ಡೆ ಮತ್ತು ಲೀಕ್ ಹಾಕಿದ ಬಿಸಿ ಸೂಪು ಕೊಂಡು, ಅದರೊಂದಿಗೆ ನಮ್ಮ ಚಪಾತಿ, ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ ಬಿಚ್ಚಿದೆವು. ಆ ಚಳಿಗೆ ಸೂಪು ಹಿತವಾಗಿತ್ತು, ಆದರೆ ಮೆಣಸಿನ ಪುಡಿಯಿಲ್ಲದೆ ನನ್ನ ನಾಲಿಗೆಗೆ ಇಳಿಯಲಿಲ್ಲ. ಅದೇ ಬೆಂಚಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಎಂಬತ್ತರ ಮೇಲಿರಬೇಕು. ಎದುರಿನ ಒಂದು ಪೈನ್ ಮರ ತೋರಿಸಿ, ಗಂಡ ಇದ್ದಾಗಿನಿಂದ ಪ್ರತಿ ಋತುವಿಗೂ ಅದನ್ನು ನೋಡಲು ಬರುತ್ತೇನೆ ಎಂದರು. ಉಪ್ಪಿನಕಾಯಿಯ ಪರಿಮಳ ಅವರನ್ನು ತಿರುಗಿಸಿತು. ಒಂದು ಚೂರು ಕೊಟ್ಟೆ. ಕಣ್ಣು ಮುಚ್ಚಿ, ಖಾರ ನುಂಗಿ, "ಇದು ಯಾವ ಹಣ್ಣು?" ಎಂದರು.

ಹೇಳುತ್ತಾ ಹೋದೆ. ಹಳ್ಳದ ದಂಡೆಯ ಕಾಡುಮಾವು, ಇನ್ನೂ ಗೊರಟೆ ಬಲಿಯದ ಮಿಡಿ. ಒಂದೊಂದು ಮರಕ್ಕೂ ಒಂದೊಂದು ಪರಿಮಳ, ಜೀರಿಗೆಯದು, ಕರ್ಪೂರದ್ದು. ಒಳ್ಳೆಯ ಮರವಾದರೆ ಅದರ ಹೆಸರು ಹತ್ತಾರು ಊರು ದಾಟುತ್ತದೆ. ಅನಂತಭಟ್ಟನ ಅಪ್ಪೆ ಎಂದರೆ ನಮ್ಮ ಕಡೆ ಯಾರೂ ಯಾವುದು ಎಂದು ಕೇಳುವುದಿಲ್ಲ. ಮಾತಾಡುತ್ತಿದ್ದಂತೆ ನನಗೇ ಹೊಳೆಯಿತು: ನಮ್ಮಲ್ಲಿ ಮರಗಳ ಪಟ್ಟಿ ಇಲ್ಲವೆಂದು ಕೊರಗುತ್ತಿದ್ದೆನಲ್ಲ, ಅದು ಉಪ್ಪಿನಕಾಯಿ ಭರಣಿಗಳ ಸಾಲಿನಲ್ಲಿತ್ತು. ಅತ್ತೆಯ ನಾಲಿಗೆಗೆ ಒಂದು ಮಿಡಿ ಕಚ್ಚಿದರೆ ಯಾವ ಹಳ್ಳದ ಯಾವ ಮರ ಎಂದು ತಿಳಿಯುತ್ತಿತ್ತು. ಆದರೆ ಆ ಪಟ್ಟಿ ನಾಲಿಗೆಯ ಜೊತೆಗೇ ಹೋಗುತ್ತದೆ. ಮಿಡಿಗೆ ಬೆಲೆ ಬಂದ ಮೇಲೆ ಕೊಂಬೆಯನ್ನೇ ಕಡಿದು ಕೆಡವಿ ಕೊಯ್ಯುವವರೂ ಬಂದಿದ್ದಾರೆ. ಮರ ಹೋದ ಮೇಲೆ ಹೆಸರು ಉಳಿದರೂ ಅದು ಬರೀ ಸದ್ದು. ವೆಸ್ಟನ್‌ಬರ್ಟ್‌ನ ಹೆಸರುಪಟ್ಟಿಗಳನ್ನು ಬೆಳಿಗ್ಗೆ ಹೆಚ್ಚು ಗಮನಿಸಿರಲಿಲ್ಲ. ಊಟದ ಮೇಲೆ ಒಂದೊಂದನ್ನೂ ಓದುತ್ತಾ ನಡೆದೆ. ಹೆಸರು, ಮೂಲ ದೇಶ, ಸಂಖ್ಯೆ. ವೆಲ್ಲಿಂಗ್ಟೋನಿಯಾ ಎಂದು ಅವರು ಕರೆಯುವ ಕ್ಯಾಲಿಫೋರ್ನಿಯಾದ ದೈತ್ಯ ಮರದ ಬೀಜವನ್ನು ವಿಲಿಯಂ ಲಾಬ್ 1853ರಲ್ಲಿ ಇಂಗ್ಲೆಂಡಿಗೆ ತಂದರು. ಅದರ ತೊಗಟೆ ಮೆತ್ತಗೆ, ಮುಷ್ಟಿಯಿಂದ ಗುದ್ದಿದರೂ ನೋಯುವುದಿಲ್ಲ. ಹುಡುಗರೆಲ್ಲ ಗುದ್ದಿ ನೋಡುತ್ತಿದ್ದರು, ನಾನೂ ಗುದ್ದಿದೆ.

ಹಳೆಯ ಸಂಗ್ರಹಕ್ಕೂ ಸಿಲ್ಕ್ ವುಡ್ ಎಂಬ ಕಾಡಿಗೂ ನಡುವೆ ಒಂದು ಕಣಿವೆ, ಬರೀ ಹುಲ್ಲು. ನಮ್ಮ ಕಡೆಯಾಗಿದ್ದರೆ ಬೇಣ ಎನ್ನುತ್ತಿದ್ದೆವು. ಅದರ ಮೇಲೆ ಮರದ ಎತ್ತರಕ್ಕೆ ಹಾಯುವ 286 ಮೀಟರ್ ಉದ್ದದ ಸೇತುವೆಯನ್ನು 2016ರಲ್ಲಿ ಕಟ್ಟಿದ್ದಾರೆ. ಜನ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ. ಕೊನೆಗೌಡರು ಅಡಿಕೆ ಮರದಿಂದ ಮರಕ್ಕೆ ತೂಗಿ ದಾಟುವುದನ್ನು ಕಂಡು ಬೆಳೆದವಳಿಗೆ ಅಲ್ಲಿ ನಿಲ್ಲುವ ಮನಸ್ಸಾಗಲಿಲ್ಲ. ದಾಟಿ ಮುಂದೆ ಹೋದೆ.

ಸಿಲ್ಕ್ ವುಡ್ ಬೇರೆಯೇ ಲೋಕ. ಹಾಲ್‌ಫರ್ಡ್‌ಗಿಂತ ಶತಮಾನಗಳಷ್ಟು ಹಿಂದಿನಿಂದ ಇರುವ ಕಾಡು ಅದು. ಹತ್ತಿರದ ಜನ ಸೌದೆ, ಗಳ, ಬೇಲಿಗೂಟಕ್ಕೆ ಬಳಸುತ್ತಿದ್ದ ಕಾಡು. ಅಲ್ಲಿ ದಾರಿಬದಿಯಲ್ಲಿ ಆ್ಯಶ್ ಮರದ ದಿಮ್ಮಿಗಳು ಬಿದ್ದಿದ್ದವು. ಏಷ್ಯಾದಿಂದ ಹೋದ ಒಂದು ಶಿಲೀಂಧ್ರ ಆ್ಯಶ್ ಮರಗಳನ್ನು ತುದಿಯಿಂದ ಒಣಗಿಸುತ್ತಿದೆ. ಬ್ರಿಟನ್ನಿನಲ್ಲಿ 2012ರಲ್ಲಿ ಮೊದಲು ಪತ್ತೆಯಾಯಿತು. ಜನ ಓಡಾಡುವ ದಾರಿಯ ಪಕ್ಕದವನ್ನು ಕಡಿಯಲೇಬೇಕು. ಹೆಲ್ಮೆಟ್ ಧರಿಸಿದ ಕೆಲಸದ ಹೆಣ್ಣುಮಗಳೊಬ್ಬಳು ದಿಮ್ಮಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ನಮ್ಮ ಅಡಿಕೆಗೂ ಈಗ ಎಲೆಚುಕ್ಕಿ ರೋಗ, ತೋಟಗಳು ಕೆಂಪಾಗಿ ಸುಟ್ಟಂತಿವೆ ಎಂದೆ. ಅವಳು ಫೋನಿನಲ್ಲಿ ನನ್ನ ತೋಟದ ಚಿತ್ರ ನೋಡಿದಳು, ಎಲೆಯನ್ನು ದೊಡ್ಡದು ಮಾಡಿ ಚುಕ್ಕೆ ನೋಡಿದಳು. "ಯಾವ ಮರ ಉಳಿಯುತ್ತದೆ ಎಂದು ಕಾದು ನೋಡುತ್ತಿದ್ದೀರಾ?" ಎಂದು ಕೇಳಿದಳು. ತಾವು ಹಾಗೆ ಮಾಡುತ್ತಿದ್ದೇವೆ, ರೋಗ ತಡೆದುಕೊಂಡ ಆ್ಯಶ್ ಕಂಡರೆ ಅದನ್ನು ಬಿಡುತ್ತೇವೆ ಎಂದಳು. ನಾನು ಲಿಂಡನ್ ಎಂಬ ಹಳೆಯ ಮರ ಎಲ್ಲಿದೆ ಎಂದು ಕೇಳಿದೆ. ಮೇಷ್ಟ್ರು ಅದನ್ನು ನೋಡದೆ ಹೋಗಬೇಡಿ ಎಂದಿದ್ದರು. ಅವಳೇ ಎದ್ದು ಕರೆದುಕೊಂಡು ಹೋದಳು.

ಮೊದಲಿಗೆ ಅದು ಮರವೆಂದೇ ಗೊತ್ತಾಗುವುದಿಲ್ಲ. ಒಂದು ದೊಡ್ಡ ವೃತ್ತದ ಅಂಚಿನಲ್ಲಿ ಕಾಂಡಗಳ ಗುಂಪುಗಳು, ಮನುಷ್ಯರ ಎತ್ತರದ ಎರಡು ಮೂರು ಪಾಲು ಎದ್ದಿವೆ. ಸಣ್ಣೆಲೆಯ ಲಿಂಡನ್. 60ರಷ್ಟು ಬುಡಗಳು, ಪರೀಕ್ಷಿಸಿ ನೋಡಿದರೆ ಎಲ್ಲವೂ ಒಂದೇ ಮರ. ವಯಸ್ಸು ಸುಮಾರು 2,000 ವರ್ಷ ಎಂದು ಅಂದಾಜು. ಇಷ್ಟು ವರ್ಷ ಅದು ಬದುಕಿದ್ದು ಕಡಿಸಿಕೊಂಡು. ಇಪ್ಪತ್ತು ಇಪ್ಪತ್ತೈದು ವರ್ಷಕ್ಕೊಮ್ಮೆ ಬುಡದವರೆಗೆ ಕಡಿಯುತ್ತಾರೆ. ಬುಡ ಹೊರಮೈಯಿಂದ ಚಿಗುರುತ್ತದೆ, ಮತ್ತೆ ಕಡಿಯುತ್ತಾರೆ, ಮತ್ತೆ ಇನ್ನಷ್ಟು ಹೊರಗಿನಿಂದ ಚಿಗುರುತ್ತದೆ. ಹೀಗೆ ಮರ ಮೇಲಕ್ಕೆ ಹೋಗದೆ ಅಗಲಕ್ಕೆ ನಡೆದಿದೆ, ನಡುವೆ ಹಳೆಯ ಮೈ ಕರಗಿ ಖಾಲಿಯಾಗಿದೆ. ಹಿಂದಿನ ಸರದಿ ಬಂದದ್ದು 2012ರಲ್ಲಿ.

ಅವಳನ್ನು ಕೇಳಿದೆ: ಕಡಿಯದೆ ಬಿಟ್ಟಿದ್ದರೆ? ಎಂದೋ ಗಾಳಿಗೆ ಬಿದ್ದು ಮುಗಿಯುತ್ತಿತ್ತು ಎಂದಳು. ಕಡಿದ ಮೇಲಿನ ಮೊದಲ ವರ್ಷಗಳೇ ಮುಖ್ಯ. ಎಳೆ ಚಿಗುರೆಂದರೆ ಜಿಂಕೆಗೆ ಪ್ರಾಣ. ಬೇಲಿ ಕಟ್ಟದಿದ್ದರೆ ಮರ ಅಲ್ಲೇ ಸೋಲುತ್ತದೆ. ಕಡಿಯುವುದು ಒಂದೆರಡು ದಿನದ ಕೆಲಸ, ಕಡಿದದ್ದನ್ನು ಕಾಯುವುದು ವರ್ಷಗಟ್ಟಲೆಯ ಕೆಲಸ ಎಂದಳು.

ನಾನು ಹೈಸ್ಕೂಲಿನಲ್ಲಿದ್ದಾಗ, 1983ರ ಸೆಪ್ಟೆಂಬರಿನಲ್ಲಿ, ನಮ್ಮ ಶಿರಸಿಯ ಸಾಲ್ಕಣಿ ಭಾಗದ ಕಾಡಿಗೆ ಜನ ನುಗ್ಗಿ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರ ಹೆಸರು, ಅಪ್ಪಿಕೋ ಎಂಬ ಹೆಸರು ಆಮೇಲೆ ದೇಶದ ತುಂಬ ಹೋಯಿತು. ಆ ಹೋರಾಟ ನಮ್ಮನ್ನು ರೂಪಿಸಿತು. ಕೊಡಲಿಯ ಸದ್ದು ಕೇಳಿದರೆ ಇಂದಿಗೂ ನನ್ನ ಎದೆ ಹಾರುತ್ತದೆ. ಆ ಜನ ಅಂದು ಮರ ಅಪ್ಪದೆ ಹೋಗಿದ್ದರೆ ಆ ಕಾಡು ಇಂದು ಇರುತ್ತಿರಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಲಿಂಡನ್ ಮುಂದೆ ನಿಂತಾಗ ಇನ್ನೊಂದು ನೆನಪು ಎದ್ದುಬಂತು. ಸಾಲ್ಕಣಿಯಲ್ಲಿ ಮರ ಅಪ್ಪಿದ ಸೀಮೆಯ ಜನರೇ ವರ್ಷವರ್ಷವೂ ಬೆಟ್ಟದಲ್ಲಿ ಮರ ಹತ್ತಿ ಸೊಪ್ಪು ಕಡಿದವರು. ಅದು ಎರಡು ನಾಲಿಗೆಯ ಮಾತಾಗಿರಲಿಲ್ಲ. ಕಡಿಯಲು ಕ್ರಮವಿತ್ತು. ಅತ್ತೆ ಹೇಳುತ್ತಿದ್ದರು: ತುದಿ ಮುಟ್ಟಬೇಡಿ. ಈ ಸಲ ಇತ್ಲಾಗಿನ ಮರ, ಬರುವ ಸಲ ಅತ್ಲಾಗಿನದು. ಅಪ್ಪೆ, ಹಲಸು, ಉಪ್ಪಾಗೆ ಮರಕ್ಕೆ ಕತ್ತಿ ಇಡಬೇಡಿ. ಎಳೆ ಮರಕ್ಕೆ ನಾಲ್ಕು ವರ್ಷ ಬಿಡಿ. ಈ ಮಾತು ಎಲ್ಲಿಯೂ ಬರೆದಿಟ್ಟದ್ದಲ್ಲ. ಆಮೇಲೆ ಮನೆ ಪಾಲಾಯಿತು, ಕೂಲಿ ದುಬಾರಿಯಾಯಿತು, ಒಂದೇ ದಿನದಲ್ಲಿ ಇಡೀ ಬೆಟ್ಟ ಸವರಿ ಮುಗಿಸುವ ಅವಸರ ಬಂತು, ಮರದ ತುದಿಯೂ ಹೊರೆ ಸೇರಿತು. ನಮ್ಮ ಬೆಟ್ಟ ಬೋಳಾದದ್ದು ಕತ್ತಿಯಿಂದ ಎಂದೇ ನಾನು ನಂಬಿದ್ದೆ. ಕ್ರಮ ತಪ್ಪಿದ ಕತ್ತಿಯಿಂದ ಎಂದು ಈಗ ಅನ್ನಿಸುತ್ತಿದೆ. ಈ ಎರಡರ ನಡುವಿನ ಅಂತರ ದೊಡ್ಡದು. ಮೊದಲನೆಯದು ನಿಜವಾದರೆ ಬೆಟ್ಟಕ್ಕೆ ಬೇಲಿ ಹಾಕಿ ಹೊರಗೆ ನಿಲ್ಲಬೇಕು. ಎರಡನೆಯದು ನಿಜವಾದರೆ ಒಳಗೆ ಹೋಗಿ ಕೆಲಸ ಮಾಡಬೇಕು.

ಲಿಂಡನ್ನಿನ ಒಂದು ಎಲೆ ಎತ್ತಿಕೊಂಡೆ. ಹೃದಯದ ಆಕಾರ, ಅಂಚಿಗೆ ಗರಗಸದ ಹಲ್ಲು, ತೊಟ್ಟಿನ ಬಳಿ ಒಂದು ಬದಿ ಇನ್ನೊಂದಕ್ಕಿಂತ ತುಸು ಕೆಳಗೆ. ನಮ್ಮ ದಡಸಲಿನ ಎಲೆ ಹೀಗೆಯೇ. ಎರಡೂ ಒಂದೇ ಕುಟುಂಬಕ್ಕೆ ಸೇರಿದವು, ಎರಡರ ತೊಗಟೆಯಲ್ಲೂ ಹಗ್ಗಕ್ಕಾಗುವ ನಾರು. ದಡಸಲನ್ನು ಬುಡಕ್ಕೆ ಕಡಿದರೆ ಅದೂ ಚಿಗುರುತ್ತದೆ. ಆ ಎಲೆಯನ್ನು ಆ ಹೆಣ್ಣುಮಗಳಿಗೆ ತೋರಿಸಿ ನಮ್ಮಲ್ಲಿ ಇದರ ನೆಂಟ ಇದ್ದಾನೆ ಎಂದೆ. ಅವನನ್ನೂ ಹೀಗೆ ಕಡಿಯುತ್ತೀರಾ ಎಂದು ಕೇಳಿದಳು. ಉತ್ತರ ತಕ್ಷಣ ಬರಲಿಲ್ಲ.

ಊರಿಗೆ ಬಂದವಳು ಮಳೆ ಹಿಡಿಯುವ ಮುಂಚೆ ಬೆಟ್ಟ ಹತ್ತಿದೆ. ಜೊತೆಗೆ ನಮ್ಮಲ್ಲಿ ಸೊಪ್ಪು ಕಡಿದೇ ಮುಪ್ಪಾದ ಕೆಲಸದವರು. ಬೋಳು ತಲೆಯಲ್ಲಿ ಸತ್ತೇ ಹೋಗಿದೆ ಎಂದು ನಾವು ಬಿಟ್ಟಿದ್ದ ಒಂದು ಮತ್ತಿಯ ಬುಡವನ್ನು ಅವರು ಕತ್ತಿಯ ತುದಿಯಿಂದ ಕೆರೆದು ತೋರಿಸಿದರು. ತೊಗಟೆಯಡಿ ಹಸಿ ಇತ್ತು. "ಸತ್ತಿಲ್ರಾ ಅಮ್ಮ. ದನ ಬಿಡೂದಿಲ್ಲ, ಅದಕ್ಕೇ ಏಳೂದಿಲ್ಲ. ಚಿಗುರಿದ್ದೆಲ್ಲ ತಿಂದು ತಿಂದು ಸಾಕಾಗೈತೆ ಅದಕ್ಕೆ." ಅವರು ಬೆಟ್ಟವೆಲ್ಲ ಸುತ್ತಿ ಇಂಥ ಬುಡಗಳನ್ನು ತೋರಿಸುತ್ತಾ ಹೋದರು, ನಾನು ಸುಣ್ಣದ ಗುರುತು ಹಾಕುತ್ತಾ ಹೋದೆ. ಕಿಂದಳ ಎರಡು ಕಡೆ, ಹೊನ್ನೆ ಒಂದು, ದಡಸಲು ಹಳ್ಳದ ಅಂಚಿಗೆ ಸಾಲಾಗಿ. ನರ್ಸರಿಯಿಂದ ಗಿಡ ತರುವ ಮುಂಚೆ ನೆಲದಲ್ಲೇ ಇಷ್ಟೊಂದು ಕಾಯುತ್ತಿತ್ತು. ಅವರ ಬಾಯಲ್ಲಿ ಒಂದೊಂದಕ್ಕೂ ಕತೆ ಇತ್ತು: ಇದು ನಿಮ್ಮ ಮಾವನವರು ಕಡಿಯಬೇಡ ಎಂದದ್ದು, ಇದರಿಂದ ನಾನು ಬಿದ್ದು ಕಾಲು ಮುರಿದದ್ದು. ಅದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡೆ, ಮರಕ್ಕೊಂದು ಸಂಖ್ಯೆ ಕೊಟ್ಟು. ಅತ್ತೆಗೆ ಗೊತ್ತಿದ್ದ ಅಪ್ಪೆಮರಗಳಲ್ಲಿ ಎಷ್ಟು ಉಳಿದಿವೆ ಎಂದು ಈಗ ಊರಿನ ಭರಣಿಗಳಿಂದ ಹಿಮ್ಮುಖವಾಗಿ ಹುಡುಕುತ್ತಿದ್ದೇನೆ. ಕಸಿ ಕಟ್ಟಲು ಕಡ್ಡಿ ಕೊಡುತ್ತೇವೆ ಎಂದು ಇಬ್ಬರು ಒಪ್ಪಿದ್ದಾರೆ.

ಅಕೇಶಿಯಾ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಅರ್ಜಿ ಕೊಟ್ಟಾಗಿದೆ. ಕಡಿದ ಜಾಗವನ್ನೆಲ್ಲ ತುಂಬುವುದಿಲ್ಲ. ಹೊನ್ನೆಯ ಸುತ್ತ ಬಯಲು ಬಿಡಬೇಕು, ಅದು ಕೈ ಚಾಚಲಿ.

ಕಷ್ಟ ಇರುವುದು ಮನೆಯೊಳಗೆ. ಬೆಟ್ಟ ನಮ್ಮದೊಂದೇ ಅಲ್ಲ, ಭಾವನವರ ಪಾಲೂ ಇದೆ. ಅವರ ತೋಟಕ್ಕೆ ಈ ವರ್ಷವೂ ಸೊಪ್ಪು ಬೇಕು. ಎಲೆಚುಕ್ಕಿಯಿಂದ ನಲುಗಿದ ತೋಟಕ್ಕೆ ಗೊಬ್ಬರ ತಪ್ಪಿಸುವುದು ಹೇಗೆ ಎಂದು ಅವರು ಕೇಳುವುದು ನ್ಯಾಯವೇ. ಬೆಟ್ಟವನ್ನು ತುಂಡುಗಳಾಗಿ ಮಾಡಿ, ಒಂದು ತುಂಡಿಗೆ ಬೇಲಿ ಹಾಕಿ ಕತ್ತಿ ಮತ್ತು ದನ ಎರಡನ್ನೂ ಹೊರಗಿಡುವುದು, ಉಳಿದವುಗಳಲ್ಲಿ ತುದಿ ಬಿಟ್ಟು ಸೊಪ್ಪು ಕಡಿಯುವುದು, ಬುಡಗಳು ಚೇತರಿಸಿಕೊಂಡ ಮೇಲೆ ಬೇಲಿಯನ್ನು ಮುಂದಿನ ತುಂಡಿಗೆ ಸರಿಸುವುದು ಎಂಬಲ್ಲಿಗೆ ಮಾತು ಬಂದು ನಿಂತಿದೆ. ಯಾವ ತುಂಡಿನಿಂದ ಶುರು ಎನ್ನುವುದು ಇನ್ನೂ ಬಗೆಹರಿದಿಲ್ಲ. ಭಾವನವರು ಹಳ್ಳದ ಬದಿಯದು ಎನ್ನುತ್ತಾರೆ. ಅಲ್ಲಿ ಮಣ್ಣಿದೆ, ಬೇಗ ಏಳುತ್ತದೆ, ಸೊಪ್ಪಿನ ನಷ್ಟ ಬೇಗ ತೀರುತ್ತದೆ. ನಾನು ಮತ್ತಿಯ ಬುಡವಿರುವ ಬೋಳು ತಲೆಯೇ ಮೊದಲು ಎನ್ನುತ್ತಿದ್ದೇನೆ.